ಅಕ್ಕನ ಪ್ರಶ್ನೆಗೆ ಕೊಟ್ಟ ಅರ್ಧ ಉತ್ತರ

ಅಕ್ಕನಿಗೆ ಐವತ್ತಮೂರು ತುಂಬಿದ ವರ್ಷ ಒಂದು ಸಂಬಂಧ ಬಂತು. ನಡುವೆ ದಲ್ಲಾಳಿಯಿಲ್ಲ, ಜಾತಕವಿಲ್ಲ. ಗಂಡೇ ಒಂದು ಭಾನುವಾರ ಬೆಳಿಗ್ಗೆ ಮಣಿಪಾಲದ ನಮ್ಮ ಮನೆಯ ಬೆಲ್ ಒತ್ತಿ, ಚಪ್ಪಲಿ ಬಿಟ್ಟು ಒಳಗೆ ಬಂದು, ನನ್ನೆದುರಿನ ಕುರ್ಚಿಯಲ್ಲಿ ಕೂತರು. ಒಂದು ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆಯ ಚೆಂಡು, ಇನ್ನೊಂದು ಕೈಯಲ್ಲಿ ಕೊಡೆ. ಏಪ್ರಿಲ್ ತಿಂಗಳು, ಮಳೆಯ ಸುಳಿವೇ ಇಲ್ಲ. ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರಿಗೆ ಕೈ ಖಾಲಿ ಬಿಟ್ಟರೆ ಏನೋ ಕಳೆದುಕೊಂಡ ಹಾಗೆ ಅನಿಸುತ್ತದಂತೆ. ಅದನ್ನು ಅವರೇ ಹೇಳಿದರು, ನಾನು ಕೇಳದೆಯೇ.

ಅವರ ಮುಖ ನನಗೆ ಗುರುತಿತ್ತು. ಕಾಪುವಿನಿಂದ ಉಡುಪಿಗೆ, ಉಡುಪಿಯಿಂದ ಮಣಿಪಾಲಕ್ಕೆ ಬರುವ ಬಸ್ಸಿನಲ್ಲಿ ಎಷ್ಟೋ ಸಲ ಕಂಡಿದ್ದೆ. ಹೆಂಡತಿ ತೀರಿ ಆರು ವರ್ಷ, ಕೆಲಸ ಬಿಟ್ಟು ಎರಡು ವರ್ಷ. ಈಗ ಕಾಪುವಿನಿಂದ ಸ್ವಲ್ಪ ಒಳಗೆ ತಾಯಿಯ ಜೊತೆ ಇದ್ದುಕೊಂಡು ಮಲ್ಲಿಗೆ ಬೆಳೆಯುತ್ತಾರೆ. ಬ್ಲೌಸಿನ ಬಟ್ಟೆಗೆಂದು ಉಡುಪಿಗೆ ಹೋಗಿಬರುವ ಅಕ್ಕನಿಗೂ ಅವರಿಗೂ ಬಸ್ಸಿನಲ್ಲಿ ನಾಲ್ಕು ಮಾತಿನ ಪರಿಚಯ. ಆ ನಾಲ್ಕು ಮಾತು ಇಷ್ಟು ದೂರ ಬಂದದ್ದು ನನಗೆ ಗೊತ್ತಿರಲಿಲ್ಲ.

"ನೇರ ವಿಷಯಕ್ಕೆ ಬರ್ತೇನೆ ಮಾಷ್ಟ್ರೆ," ಎಂದರು. "ನಿಮ್ಮ ಅಕ್ಕನನ್ನು ಮದುವೆ ಆಗ್ಬೇಕು ಅಂತ ಉಂಟು. ಅವರಿಗೆ ಮನಸ್ಸಿದ್ರೆ ಮಾತ್ರ. ಇಲ್ಲದಿದ್ರೆ ಎಂತ ಬೇಜಾರೂ ಇಲ್ಲ, ಒಂದು ಲೋಟ ನೀರು ಕುಡಿದು ಹೋಗ್ತೇನೆ."

ನಾನು ಇಂಗು ತಿಂದ ಮಂಗನ ಹಾಗೆ ಕೂತಿದ್ದೆ. ಅಕ್ಕ ಒಳಗಿನಿಂದ ನೀರು ತಂದಿಟ್ಟಳು. ಬ್ಲೌಸ್ ಯಾವಾಗ ಸಿಗ್ತದೆ ಎಂದು ಕೇಳಿದವರಿಗೆ ಉತ್ತರ ಕೊಡುವ ಅದೇ ಧಾಟಿಯಲ್ಲಿ, "ಈ ಗುರುವಾರ ಅಲ್ಲ, ಬರುವ ವಾರದ ಗುರುವಾರ ಹೇಳ್ತೇನೆ," ಎಂದಳು. ಅವರು ನೀರು ಕುಡಿದರು, ಹೂವನ್ನು ಮೇಜಿನ ಮೇಲಿಟ್ಟರು, ಕೊಡೆ ತೆಗೆದುಕೊಂಡು ಹೋದರು.

ನಮ್ಮ ಅಮ್ಮ ತೀರಿಕೊಂಡಾಗ ಅಕ್ಕನಿಗೆ ಹದಿನಾರು, ನನಗೆ ಒಂಬತ್ತು. ಕಾರ್ಕಳದ ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದ ಅಪ್ಪ ಅಂದಿನಿಂದ ಮಾತು ಕಡಿಮೆ ಮಾಡಿದರು. ಅಕ್ಕ ಪಿಯುಸಿ ಬಿಟ್ಟು ಹೊಲಿಗೆ ಮಿಷನ್ನಿನ ಮುಂದೆ ಕೂತಳು. ನನ್ನ ಊಟ, ನನ್ನ ಶಾಲೆ, ನನ್ನ ಜ್ವರ, ನನ್ನ ಪರೀಕ್ಷೆ ಎಲ್ಲ ಅವಳ ಪಾಲಿಗೆ ಬಂತು. ಅಪ್ಪ ಹೋದ ಮೇಲೆ, ನನಗೆ ಮಣಿಪಾಲದ ಕಾಲೇಜೊಂದರಲ್ಲಿ ತತ್ವಶಾಸ್ತ್ರದ ಮೇಷ್ಟ್ರ ಕೆಲಸ ಸಿಕ್ಕಾಗ, ಅವಳೂ ಮಿಷನ್ ಕಟ್ಟಿಕೊಂಡು ಬಂದಳು. ನನಗೆ ಮದುವೆಯಾಗಲಿಲ್ಲ. ಎರಡು ಕಡೆ ಹೆಣ್ಣು ನೋಡಿದ್ದೆವು. ಒಬ್ಬಳು ನನ್ನನ್ನು ನೋಡಿದ ಕೂಡಲೇ ಬೇಡವೆಂದಳು. ಇನ್ನೊಬ್ಬಳು, ನಾನು ಬಾಳಿನ ಗುರಿಯ ಬಗ್ಗೆ ಅರ್ಧ ಗಂಟೆ ಮಾತಾಡಿದ ಮೇಲೆ ಬೇಡವೆಂದಳು. ಅಕ್ಕ ಮಾಡುವ ಕೊತ್ತಂಬರಿ ಸಾರು ಉಣ್ಣುತ್ತಾ ನಾನು ಈ ಎರಡೂ ನಿರಾಕರಣೆಗಳನ್ನು ಸುಲಭವಾಗಿ ಮರೆತೆ.

ಅಕ್ಕನಿಗೆ ಒಂದು ಚಟ ಉಂಟು. ನಾಳೆಯ ಕೆಲಸವನ್ನು ಇವತ್ತೇ ಮುಗಿಸದೆ ಅವಳಿಗೆ ನಿದ್ದೆ ಬಾರದು. ಸೋಮವಾರದ ನನ್ನ ಅಂಗಿ ಶುಕ್ರವಾರವೇ ಇಸ್ತ್ರಿಯಾಗುತ್ತದೆ. ಮಳೆಗಾಲದ ಕೊಡೆ ಫೆಬ್ರವರಿಯಲ್ಲಿ ರಿಪೇರಿಗೆ ಹೋಗುತ್ತದೆ. ಮದುವೆ ಮನೆಯಲ್ಲಿ ಪಾಯಸ ಬಡಿಸುವಾಗ ಅವಳು ವಾಪಸು ಬರುವ ಬಸ್ಸಿನ ಬಗ್ಗೆ ಯೋಚಿಸುತ್ತಿರುತ್ತಾಳೆ. ಒಂದು ಹೊತ್ತಾದರೂ ಸುಮ್ಮನೆ ಕೂತು ನಕ್ಕದ್ದನ್ನು ನಾನು ಕಂಡಿರಲಿಲ್ಲ. "ನನಗೆ ಖುಷಿಪಡ್ಲಿಕ್ಕೆ ಬರುವುದಿಲ್ಲ" ಎಂದು ಅವಳೇ ಹೇಳುತ್ತಿದ್ದಳು, ಬೇರೆಯವರು ತಮಗೆ ಸೈಕಲ್ ಬರುವುದಿಲ್ಲ ಎನ್ನುವ ಹಾಗೆ. ಅದರಲ್ಲಿ ದುಃಖ ಇರಲಿಲ್ಲ. ಒಂದು ಮಾಹಿತಿ, ಅಷ್ಟೇ.

ಗಂಡು ಬಂದುಹೋದ ಆ ಮಧ್ಯಾಹ್ನ ಅಕ್ಕ ಯಾರದೋ ಬ್ಲೌಸಿಗೆ ಹುಕ್ ಹಾಕುತ್ತಾ ಕೂತಿದ್ದಳು. ತಲೆ ಎತ್ತದೆಯೇ ಕೇಳಿದಳು. ನಮ್ಮ ಮಾತೆಲ್ಲ ತುಳುವಿನಲ್ಲಿ; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೀನು ಮಕ್ಕಳಿಗೆ ಅದೇ ಪಾಠ ಮಾಡುವುದಲ್ವಾ? ಸುಖ ಅಂದ್ರೆ ಕಲಿಯುವಂಥದ್ದಾ? ನನಗೆ ಈ ವಯಸ್ಸಲ್ಲಿ ಕಲಿಯಲಿಕ್ಕೆ ಆಗ್ತದಾ? ನಾನು ಆ ಮನೆಗೆ ಹೋಗಿ ಅಲ್ಲಿಯೂ ಮುಖ ಗಂಟು ಹಾಕಿ ಕೂತರೆ, ಪಾಪ, ಅವರ ಗತಿ ಎಂತ?"

ಇಂಥ ಪ್ರಶ್ನೆಯನ್ನು ನನ್ನ ಇಪ್ಪತ್ತು ವರ್ಷದ ಮೇಷ್ಟ್ರಗಿರಿಯಲ್ಲಿ ಯಾರೂ ಇಷ್ಟು ಗಂಭೀರವಾಗಿ ಕೇಳಿರಲಿಲ್ಲ. ಇಂಜಿನಿಯರು, ಡಾಕ್ಟರು ಆಗುವ ಮಕ್ಕಳಿಗೆ ವಾರಕ್ಕೆರಡು ತರಗತಿ ಗ್ರೀಕರ ವಿಚಾರ ಹೇಳುವುದು ನನ್ನ ಕೆಲಸ. ಪ್ರತಿ ವರ್ಷ ಮೊದಲ ದಿನ ಬೋರ್ಡಿನ ಮೇಲೆ ಇದನ್ನೇ ಬರೆಯುತ್ತೇನೆ: ಸುಖ ಎಲ್ಲಿಂದ ಬರುತ್ತದೆ? ಪಾಠದಿಂದಲೋ, ಅಭ್ಯಾಸದಿಂದಲೋ, ದೇವರ ಕೃಪೆಯಿಂದಲೋ, ಬರೀ ಅದೃಷ್ಟದಿಂದಲೋ? ಪ್ರಶ್ನೆ ನನ್ನದಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಅಥೆನ್ಸಿನಲ್ಲಿ ಅಡ್ಡಾಡುತ್ತಾ ಪಾಠ ಹೇಳುತ್ತಿದ್ದ ಗುರುವೊಬ್ಬ ಕೇಳಿಕೊಂಡದ್ದು. ಅವನು ಸುಖ ಎಂದದ್ದು ಸಂಜೆ ಬಿಸಿ ಗೋಳಿಬಜೆ ತಿಂದಾಗ ಆಗುವ ಖುಷಿಯನ್ನಲ್ಲ. ಇಡೀ ಬಾಳು ಚೆನ್ನಾಗಿ ನಡೆಯುವುದನ್ನು. ದಾರಿಯಲ್ಲಿ ಸಿಕ್ಕವರನ್ನೆಲ್ಲ "ಸೌಖ್ಯವಾ?" ಎಂದು ಕೇಳುವ ನಮ್ಮೂರಿನವರಿಗೆ ಅದು ಅರ್ಥವಾಗದ ಮಾತಲ್ಲ. ಅವನ ಉತ್ತರವೂ ಬಲು ಮೆಚ್ಚುವಂಥದ್ದು. ಒಳ್ಳೆಯ ಬಾಳು ಬಹುಮಟ್ಟಿಗೆ ಅಭ್ಯಾಸದಿಂದ ಬರುತ್ತದೆ, ಹಾಗಾಗಿ ಅದು ಹೆಚ್ಚಿನವರ ಕೈಗೆ ಎಟಕುವಂಥದ್ದು. ಆದರೆ ಅದೇ ಗುರು ಇನ್ನೊಂದು ಮಾತೂ ಹೇಳುತ್ತಾನೆ. ಚಿಕ್ಕಂದಿನಲ್ಲಿ ಎಂಥ ಅಭ್ಯಾಸ ಬಿತ್ತು ಎನ್ನುವುದೇ ಬಹಳ ಮುಖ್ಯ.

ನಾನು ಅಕ್ಕನಿಗೆ ಎರಡನೆಯದನ್ನು ಮಾತ್ರ ಹೇಳಿದೆ.

"ಕಲಿಯಬಹುದು ಅಕ್ಕ, ಆದರೆ ಚಿಕ್ಕಂದಿನಿಂದ ಅಭ್ಯಾಸ ಆಗಿರ್ಬೇಕು ಅಂತ ಪುಸ್ತಕದಲ್ಲಿ ಉಂಟು," ಎಂದೆ, ಬಹಳ ಮೆತ್ತಗೆ.

ಅಕ್ಕ ದಾರ ಕಚ್ಚಿ ತುಂಡು ಮಾಡಿದಳು. "ಹಾಗಾದ್ರೆ ನನಗೆ ತಡ ಆಯ್ತು," ಎಂದಳು. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಬರಲಿಲ್ಲ ಎನ್ನುವುದೂ ಸುಳ್ಳು, ನಾನು ತೆರೆಯಲಿಲ್ಲ. ಅವಳು ಹೋದರೆ ನನ್ನ ಗತಿ ಏನು ಎಂಬ ಒಂದೇ ಯೋಚನೆ ನನ್ನ ಹೊಟ್ಟೆಯಲ್ಲಿ ಕೂತಿತ್ತು. ಅದನ್ನೇ ವಿದ್ವತ್ತು ಎಂದು ತಿಳಿದುಕೊಂಡೆ.

ಮಾರನೆಯ ದಿನ ಕಾಪುವಿನಿಂದ ಫೋನ್ ಬಂತು. ಮಾತಾಡಿದ್ದು ಅವರ ತಾಯಿ, ಎಂಬತ್ತು ದಾಟಿದವರು. ಬಲಗೈಯ ಮಣಿಕಟ್ಟು ಉಳುಕಿದೆ, ಗಿಡದ ತುಂಬ ಹೂ ಉಂಟು, ಕಟ್ಟಲಿಕ್ಕೆ ಜನ ಇಲ್ಲ, ನಾಲ್ಕು ದಿನ ಬಂದು ಸಹಾಯ ಮಾಡಬಹುದಾ ಎಂದು. "ಮದುವೆಯ ವಿಷಯ ಬೇರೆ ಮಗಾ, ಹೂವಿನ ವಿಷಯ ಬೇರೆ," ಎಂದರಂತೆ. ಕೆಲಸವೆಂದರೆ ಅಕ್ಕನಿಗೆ ಇಲ್ಲವೆನ್ನಲು ಬರುವುದಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸು ಬರತೊಡಗಿದಳು. ನನ್ನ ತಿಂಡಿ ಮುಚ್ಚಿಟ್ಟ ಪಾತ್ರೆಯಲ್ಲಿರುತ್ತಿತ್ತು. ಇಡ್ಲಿ ಆರಿದೆ ಎಂದು ನಾನು ಒಬ್ಬನೇ ಇದ್ದ ಮನೆಯಲ್ಲಿ ಗಟ್ಟಿಯಾಗಿ ಗೊಣಗಿದ್ದುಂಟು.

ಆ ಭಾನುವಾರ ನಾನೂ ಜೊತೆಗೆ ಹೋದೆ. ಸಹಾಯಕ್ಕೆ ಎಂದು ಹೇಳಿದೆ. ನಿಜವಾಗಿ ಹೋದದ್ದು ನೋಡಲಿಕ್ಕೆ. ಕಾಪುವಿನ ಹೆದ್ದಾರಿಯಲ್ಲಿ ಇಳಿದು ಒಳದಾರಿಯಲ್ಲಿ ಹತ್ತು ನಿಮಿಷ ನಡೆದರೆ ಅವರ ಹಂಚಿನ ಮನೆ, ಮುಂದೆ ಮಲ್ಲಿಗೆಯ ಗಿಡಗಳ ಸಾಲು. ಬಿಸಿಲು ಏರುವ ಮೊದಲು ಮೊಗ್ಗು ಕೊಯ್ದು, ಒದ್ದೆ ಮಾಡಿದ ಬಾಳೆನಾರಿನಲ್ಲಿ ಕಟ್ಟಿ, ಹನ್ನೊಂದರ ಒಳಗೆ ಹೂವಿನವನ ಬೈಕಿಗೆ ಕೊಡಬೇಕು. ನಾನು ಕಟ್ಟಿದ ಎರಡು ಗೇಣು ಹೂವನ್ನು ಅಜ್ಜಿ ಕೈಯಲ್ಲಿ ಹಿಡಿದು ಒಮ್ಮೆ ಅಲ್ಲಾಡಿಸಿದರು. ಮೊಗ್ಗೆಲ್ಲ ಉದುರಿ ಕೈಯಲ್ಲಿ ಬರೀ ನಾರು ಉಳಿಯಿತು. ನನ್ನನ್ನು ಚಹಾ ಕುಡಿಯಲು ಕಳುಹಿಸಿದರು.

ಅಕ್ಕನಿಗೆ ಅಷ್ಟು ದಿನ ಕೂತು ಕಟ್ಟುವ ಕೆಲಸ ಮಾತ್ರ ಇತ್ತು. ಆ ದಿನ ಮೊದಲ ಸಲ ಕೊಯ್ಯಲು ಇಳಿದಿದ್ದಳು. ಹೊಲಿಗೆಯಲ್ಲಿ ಪಳಗಿದ ಬೆರಳು, ಗಿಡದಿಂದ ಗಿಡಕ್ಕೆ ಓಡಿದಳು. ಎಲ್ಲರಿಗಿಂತ ಮೊದಲು ಬುಟ್ಟಿ ತುಂಬಿಸಿ ತಂದು ಜಗಲಿಯಲ್ಲಿ ಸುರಿದಳು. ಅಜ್ಜಿ ಮೊಗ್ಗುಗಳನ್ನು ಹರಡಿ ನೋಡಿ, ಒಂದನ್ನು ಕಣ್ಣಿನ ಹತ್ತಿರ ತಂದು, "ಇದು ನಾಳೆಯದ್ದಲ್ವಾ ಮಗಾ?" ಎಂದರು.

ಇವತ್ತು ಸಂಜೆ ಅರಳುವ ಮೊಗ್ಗು ಉಬ್ಬಿ ಬೆಳ್ಳಗಿರುತ್ತದೆ. ನಾಳೆ ಅರಳುವುದು ಇನ್ನೂ ಸಣ್ಣದು, ತೊಟ್ಟಿನ ಹತ್ತಿರ ಹಸಿರು. ಅದನ್ನು ಗಿಡದಲ್ಲೇ ಬಿಡಬೇಕು. ಕೊಯ್ದರೆ ಅರಳುವುದೂ ಇಲ್ಲ, ಪರಿಮಳವೂ ಇಲ್ಲ. ಆ ಊರಿನ ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತಿರುವ ವಿಷಯ. ಅಕ್ಕ ಇವತ್ತಿನದ್ದರ ಜೊತೆಗೆ ನಾಳೆಯದ್ದನ್ನೂ ಒಂದು ಬಿಡದೆ ಕಿತ್ತು ತಂದಿದ್ದಳು.

ಅಕ್ಕನ ಮುಖ ಬಿಳಿಚಿಕೊಂಡಿತು. ಕೆಲಸದಲ್ಲಿ ತಪ್ಪು ಮಾಡಿ ಅವಳಿಗೆ ಅಭ್ಯಾಸವಿಲ್ಲ. "ನಾಳೆಗೆ ಕೆಲಸ ಕಡಿಮೆ ಆಗ್ಲಿ ಅಂತ..." ಎಂದು ತಡವರಿಸಿದಳು. ಮುದುಕಿ ಬೈಯುತ್ತಾರೆ, ಅಲ್ಲಿಗೆ ಈ ಸಂಬಂಧದ ಕಥೆ ಮುಗಿಯಿತು ಎಂದು ನಾನು ಚಹಾದ ಲೋಟ ಹಿಡಿದು ಕಾದೆ. ಸ್ವಲ್ಪ ಆಸೆಯಿಂದಲೇ ಕಾದೆ ಎನ್ನಬೇಕು.

ಅಜ್ಜಿ ನಗಲು ಶುರುಮಾಡಿದರು. ಕೆಮ್ಮು ಬರುವವರೆಗೆ ನಕ್ಕರು. "ಸೊಸೆ ಆಗುವ ಮೊದಲೇ ಮನೆಗೆಲ್ಲ ರಜೆ ಕೊಟ್ಟಳು!" ಎಂದರು. ಮಗ ಬಂದು, ಖಾಲಿಯಾದ ಗಿಡಗಳನ್ನೂ ಅಕ್ಕನನ್ನೂ ನೋಡಿ, "ನಾಳೆ ಹೂ ಇಲ್ಲ ಅಂದ್ರೆ ನಾಳೆ ಕೆಲಸ ಇಲ್ಲ. ಲೈಟ್‌ಹೌಸಿನ ಹತ್ತಿರ ಹೋಗಿ ಕೂತುಕೊಳ್ಳುವಾ?" ಎಂದು ಕೇಳಿದರು.

"ಕೂತು ಎಂತ ಮಾಡುವುದು?" ಎಂದಳು ಅಕ್ಕ.

"ಎಂತದೂ ಇಲ್ಲ. ಕೂತುಕೊಳ್ಳುವುದು."

ಅಕ್ಕ ಒಮ್ಮೆ ಅವರನ್ನು, ಒಮ್ಮೆ ಆ ಹಸಿರು ಮೊಗ್ಗುಗಳ ರಾಶಿಯನ್ನು ನೋಡಿದಳು. ಆಮೇಲೆ ಅವಳಿಗೂ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ, ಭುಜ ಕುಣಿಯುತ್ತಿತ್ತು. ಅಮ್ಮ ಹೋದ ಮೇಲೆ ಅವಳು ಹಾಗೆ ನಕ್ಕದ್ದು ನನಗೆ ನೆನಪಿಲ್ಲ. ಅದನ್ನು ನೋಡಿ ನನಗೆ ಸಂತೋಷ ಆಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು. ಮೂವತ್ತೇಳು ವರ್ಷ ಒಂದೇ ಸೂರಿನಡಿ ಇದ್ದ ನನಗೆ ಆಗದ್ದು ಈ ಕಂಡಕ್ಟರಿಗೆ ಒಂದು ವಾರದಲ್ಲಿ ಹೇಗೆ ಆಯಿತು ಎಂದು.

ಸೋಮವಾರ ಅವಳು ಲೈಟ್‌ಹೌಸಿನಿಂದ ಬಿಸಿಲಿಗೆ ಮೂಗು ಕೆಂಪಾಗಿಸಿಕೊಂಡು ಬಂದಳು. "ಹೇಗಿತ್ತು?" ಎಂದೆ, ಬೇಕೋ ಬೇಡವೋ ಎಂಬಂತೆ.

"ಮೊದಲ ಅರ್ಧ ಗಂಟೆ ಬಹಳ ಕಷ್ಟ ಆಯ್ತು ಮಾರಾಯ," ಎಂದಳು. "ಎರಡು ಸಲ ಎದ್ದು ನಿಂತೆ. ಬಸ್ಸಿಗೆ ತಡ ಆಗ್ತದೆ ಅಂತ ಹೇಳಿದೆ. ಬಸ್ಸಿನ ಟೈಮ್ ನನಗಿಂತ ಚೆನ್ನಾಗಿ ಅವರಿಗೆ ಗೊತ್ತುಂಟಲ್ಲ, ಕೂತುಕೊಳ್ಳಿ ಅಂದ್ರು. ಆಮೇಲೆ ಅಲೆ ಬರುವುದು, ಹೋಗುವುದು. ಮತ್ತೆ ಅಭ್ಯಾಸ ಆಯ್ತು."

ನನ್ನ ಇಡೀ ವರ್ಷದ ಪಾಠ ಆ ಕೊನೆಯ ಮಾತಿನಲ್ಲಿತ್ತು. ಅದನ್ನು ಗುರುತಿಸುವಷ್ಟು ವಿದ್ಯೆ ನನಗಿತ್ತು, ಬಾಯಿಬಿಟ್ಟು ಹೇಳುವಷ್ಟು ಮನಸ್ಸು ಇರಲಿಲ್ಲ. ಚಹಾ ಮಾಡ್ತೀಯಾ ಎಂದು ಕೇಳಿದೆ.

ಮಂಗಳವಾರ ಊಟಕ್ಕೆ ಕೂತಾಗ ಅಕ್ಕ ಅನ್ನ ಬಡಿಸುತ್ತಾ, "ಗುರುವಾರ ಬೇಡ ಅಂತ ಹೇಳ್ತೇನೆ," ಎಂದಳು. ಯಾಕೆ ಎಂದು ಕೇಳಿದೆ. "ನೀನೇ ಹೇಳಿದ್ಯಲ್ಲ," ಎಂದಳು. ಆಗ ನನ್ನ ಎದೆಯಲ್ಲಿ ಆದದ್ದನ್ನು ಬರೆಯಲು ಈಗಲೂ ನಾಚಿಕೆ. ಭಾರ ಇಳಿದ ಹಾಗಾಯಿತು. ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

ಬುಧವಾರ ಬೆಳಿಗ್ಗೆ ಮೊದಲ ಪಿರಿಯಡ್. ಅದೇ ಗುರುವಿನ ಪಾಠ, ಚಿಕ್ಕಂದಿನ ಅಭ್ಯಾಸದ ಮಾತು. ಹಿಂದಿನ ಬೆಂಚಿನಲ್ಲಿ ಸದಾ ಸುಮ್ಮನೆ ಕೂರುವ ಒಬ್ಬಳು ಹುಡುಗಿ ಕೈ ಎತ್ತಿದಳು. "ಸರ್, ಹಾಗಾದ್ರೆ ಸಣ್ಣ ಇರುವಾಗ ಯಾರೂ ಸರಿಯಾಗಿ ಕಲಿಸದಿದ್ದವರ ಕಥೆ ಮುಗೀತಾ?"

"ಖಂಡಿತ ಇಲ್ಲ," ಎಂದೆ. ನನ್ನ ಬಾಯಿಂದ ಎಷ್ಟು ಬೇಗ ಬಂತೆಂದರೆ ನನಗೇ ಆಶ್ಚರ್ಯ. ಮುಂದಿನ ಹತ್ತು ನಿಮಿಷ ಆ ವರ್ಷದ ಅತಿ ಒಳ್ಳೆಯ ಪಾಠ ಮಾಡಿದೆ. ಮನೆ ಕಟ್ಟಿ ಕಟ್ಟಿಯೇ ಮೇಸ್ತ್ರಿಯಾಗುವುದು, ತಂತಿ ಮೀಟಿ ಮೀಟಿಯೇ ವಾದ್ಯ ಬರುವುದು, ಒಳ್ಳೆಯ ಬಾಳೂ ಹಾಗೆಯೇ ಎಂದು ಈ ಗುರುವೇ ಹೇಳಿದ್ದಾನೆ. ಶುರುವಿನಲ್ಲಿ ಅಪಸ್ವರ ಬರದೆ ಯಾರಿಗೂ ವಾದ್ಯ ಬರುವುದಿಲ್ಲ ಎಂದು ನಾನು ನನ್ನದನ್ನು ಸೇರಿಸಿದೆ. ಅವನ ನಂತರ ಬಂದವರು ಇನ್ನೂ ಉದಾರಿಗಳು. ತನ್ನ ತೋಟದಲ್ಲಿ ಗೆಳೆಯರನ್ನು ಸೇರಿಸಿಕೊಂಡು ಪಾಠ ಹೇಳಿದವನೊಬ್ಬ, ಮನಸ್ಸಿನ ಆರೋಗ್ಯ ನೋಡಿಕೊಳ್ಳಲು ಯಾರಿಗೂ ವಯಸ್ಸು ಮೀರುವುದಿಲ್ಲ ಎಂದು ಭಾವಿಸಿದ್ದ. ಊರಿನ ದೊಡ್ಡ ಜಗಲಿಯೊಂದರಲ್ಲಿ ಕೂತು ಪಾಠ ಹೇಳಿದವರು, ನಿನ್ನ ಕೈಯಲ್ಲಿರುವುದು ಯಾವುದು, ಇಲ್ಲದ್ದು ಯಾವುದು ಎಂದು ದಿನಾ ಕೇಳಿಕೊಳ್ಳುವ ಅಭ್ಯಾಸ ಯಾವ ದಿನದಿಂದಲೂ ಶುರುಮಾಡಬಹುದು ಎಂದರು. ಹುಡುಗಿ ಎಲ್ಲವನ್ನೂ ಬರೆದುಕೊಂಡಳು. ತಲೆ ಎತ್ತಿದಾಗ ಅವಳ ಕಣ್ಣು ತುಂಬಿತ್ತು. ಅವಳ ಮನೆಯ ಕಥೆ ಏನೋ, ನನಗೆ ಗೊತ್ತಿಲ್ಲ.

ಬೆಲ್ ಹೊಡೆಯಿತು. ನಾನು ಮೇಜಿನ ಹತ್ತಿರವೇ ನಿಂತಿದ್ದೆ. ಹೆಸರು ಕೂಡ ಸರಿಯಾಗಿ ನೆನಪಿರದ ಒಂದು ಮಗುವಿಗೆ ಎರಡು ಕೈಯಲ್ಲಿ ಮೊಗೆದು ಕೊಟ್ಟದ್ದನ್ನು ನನ್ನನ್ನು ಸಾಕಿದವಳಿಂದ ಬಚ್ಚಿಟ್ಟಿದ್ದೆ. ನನ್ನ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು. ಉಳಿದ ತರಗತಿಗೆ ರಜೆ ಬರೆದುಕೊಟ್ಟು ಉಡುಪಿಗೆ ಬಂದು ಕಾಪುವಿನ ಬಸ್ಸು ಹತ್ತಿದೆ.

ನಾನು ತಲುಪುವಾಗ ಹೂವಿನವನು ಬಂದುಹೋಗಿ ಆಗಿತ್ತು. ಅಜ್ಜಿ ಒಳಗೆ ಮಲಗಿದ್ದರು. ಮಗ ಗಿಡಗಳ ನಡುವೆ ಪೈಪು ಹಿಡಿದು ನೀರು ಬಿಡುತ್ತಿದ್ದರು. ಅಕ್ಕ ಒಬ್ಬಳೇ ಜಗಲಿಯಲ್ಲಿ ಉಳಿದ ನಾರನ್ನು ನೀರಿನಿಂದ ತೆಗೆದು ಹಿಂಡುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾದಳು. "ಎಂತ ಆಯ್ತು? ಜ್ವರವಾ?" ಎಂದು ಎದ್ದಳು. ಕೂರಿಸಿ ಹೇಳಿದೆ. ತರಗತಿಯಲ್ಲಿ ಹೇಳಿದ್ದರಲ್ಲಿ ಒಂದನ್ನೂ ಬಿಡಲಿಲ್ಲ. ಮೇಸ್ತ್ರಿ, ವಾದ್ಯ, ತೋಟ, ಜಗಲಿ ಎಲ್ಲ ಬಂತು. "ಆ ದಿನ ನಾನು ನಿನಗೆ ಅರ್ಧ ಮಾತ್ರ ಹೇಳಿದ್ದು ಅಕ್ಕ. ಪುಸ್ತಕದಲ್ಲಿ ಹಾಗೆ ಉಂಟು ಅಂತ ಅಲ್ಲ. ನನ್ನ ಊಟದ ಚಿಂತೆಗೆ," ಎಂದೆ.

"ಗೊತ್ತುಂಟು," ಎಂದಳು ಅಕ್ಕ.

"ಎಂತ ಗೊತ್ತುಂಟು?"

"ನೀನು ಅರ್ಧ ಹೇಳಿದ್ದು. ಅಷ್ಟು ಮೆತ್ತಗೆ ನೀನು ಯಾವಾಗ ಮಾತಾಡುವುದು ಅಂತ ನನಗೆ ಗೊತ್ತಿಲ್ವಾ?"

"ಮತ್ತೆ ಯಾಕೆ ಬೇಡ ಅಂತ ಹೇಳ್ಲಿಕ್ಕೆ ಹೊರಟದ್ದು?"

ಅಕ್ಕ ನಾರಿನ ಎಳೆಗಳನ್ನು ಒಂದೊಂದಾಗಿ ಹಲಗೆಯ ಮೇಲೆ ನೇರ ಮಾಡಿ ಇಟ್ಟಳು. "ನಾನು ಕಲಿಯಬಹುದು. ಸ್ವಲ್ಪ ಕಲಿತೂ ಆಯ್ತು," ಎಂದಳು. "ಆದ್ರೆ ನಾನು ಇಲ್ಲಿಗೆ ಬರುವುದು ನಿನಗೆ ಬೇಡ ಅಂತ ಗೊತ್ತಾದ ಮೇಲೆ, ಇಲ್ಲಿ ಕೂತು ಎಂತ ಉಂಡರೂ ಅದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ ಮಾರಾಯ. ನಿನಗೆ ಅನ್ನ ಮಾಡ್ಲಿಕ್ಕೆ ನಾಲ್ಕು ದಿನದಲ್ಲಿ ಕಲಿಸಬಹುದು. ನನ್ನ ಒಳ್ಳೆಯದಕ್ಕೆ ನೀನು ಖುಷಿಪಡುವುದನ್ನು ನಾನು ಕಲಿಸ್ಲಿಕ್ಕೆ ಆಗ್ತದಾ? ಬೇಕಾದ್ದೆಲ್ಲ ಮಾಡಿ ಕೊಟ್ಟೆ, ಅದೊಂದು ಕಲಿಸಲೇ ಇಲ್ಲ ನಾನು."

ತಪ್ಪನ್ನೂ ಅವಳು ತನ್ನ ಮೇಲೆಯೇ ಹಾಕಿಕೊಂಡಳು. ನನಗೆ ಅಳು ಬಂತು. ನಲವತ್ತಾರು ವರ್ಷದ ಗಂಡಸು, ಕುತ್ತಿಗೆಯಲ್ಲಿ ಕಾಲೇಜಿನ ಐಡಿ ಕಾರ್ಡು ನೇತುಹಾಕಿಕೊಂಡು, ಬೇರೆಯವರ ಜಗಲಿಯಲ್ಲಿ ಕೂತು ಅತ್ತೆ. ಅವಳು ತಡೆಯಲಿಲ್ಲ.

"ಒಪ್ಪಿಕೋ ಅಕ್ಕ," ಎಂದೆ, ಕಣ್ಣು ಒರೆಸಿಕೊಂಡು.

ಅಕ್ಕ ನನ್ನ ಮುಖವನ್ನೇ ನೋಡಿದಳು. "ಖುಷಿಯಿಂದ ಹೇಳ್ತಿದ್ದೀಯಾ?"

ಈ ಸಲ ಅರ್ಧ ಉತ್ತರ ಕೊಡುವ ಧೈರ್ಯ ನನಗಿರಲಿಲ್ಲ.

"ಇಲ್ಲ," ಎಂದೆ. "ಈಗಂತೂ ಇಲ್ಲ. ಕಲೀತೇನೆ."

ಅಕ್ಕ ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟಳು. ಆಮೇಲೆ ಎದ್ದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ನೀರು ಬಿಡುತ್ತಿದ್ದವರ ಹತ್ತಿರ ಹೋಗಿ ಹೌದು ಎಂದಳು.